ಧೈರ್ಯಕ್ಕೆ ಅಳತೆಗೋಲು

"ಮುಂದಿನ ದಿನಗಳ ಬಗ್ಗೆ ನಿನಗ ಯಾವಾಗಲೂ ಭರವಸಿ ಇರ್ತದೇನು ಅತ್ತಿ?"

"ಯಾವ ಮುಂದಿನ ದಿನಾ?"

"ಯಾವುದರೇ ಆಗ್ಲಿ. ಒಟ್ಟಿನ್ಯಾಗ ಮುಂದಿಂದು."

"ಹಂಗ ಹೆಂಗ ಹೇಳಾಕ ಬರ್ತದ ಯಪ್ಪಾ? ಡ್ಯಾಮಿನ ಗೇಟು ಕೊಚ್ಚಿ ಹೋಗಿ ಇವತ್ತಿಗೆ ಎರಡು ದಿನ ಆತು. ಮೊದಲ ಅದನ್ನ ಕೇಳು."

ಅದು 2024ರ ಆಗಸ್ಟ್ 12, ಶ್ರಾವಣದ ಎರಡನೇ ಸೋಮವಾರ. ಕವಿತಾಳದ ಹತ್ತಿರದ ಬಾಗಲವಾಡದಲ್ಲಿ ನನ್ನ ಸೋದರತ್ತೆ ಒಪ್ಪತ್ತು ಬಿಡುವ ಹೊತ್ತಿಗೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. (ಸಕ್ಕರೆ ಕಾಯಿಲೆಯವರು ಹೀಗೆ ದಿನವಿಡೀ ಹೊಟ್ಟೆ ಖಾಲಿ ಬಿಡಬಾರದೆಂದು ಹೇಳಿ ಹೇಳಿ ನಾನು ಸೋತಿದ್ದೇನೆ. "ಶ್ರಾವಣದಾಗ ಸುಗರ್ ಸುಮ್ಮನಿರ್ತದ" ಎನ್ನುವುದು ಅವಳ ವೈದ್ಯಶಾಸ್ತ್ರ.) ನನ್ನ ಕೈಯಲ್ಲಿ ಹತ್ತು ಪ್ರಶ್ನೆಗಳ ಒಂದು ಹಾಳೆ. ಅಮೆರಿಕದ ಮನಶ್ಶಾಸ್ತ್ರಜ್ಞರು ಮನುಷ್ಯನ ಆಶಾವಾದವನ್ನು ಅಳೆಯಲು ಬಳಸುವ ಪ್ರಶ್ನಾವಳಿಯನ್ನು ನಾನೇ ಹೇಗೋ ಕನ್ನಡಕ್ಕೆ ತಂದುಕೊಂಡಿದ್ದೆ. ಈ ಅಧ್ಯಾಯ ಬರೆಯುವ ಮೊದಲು ನಮ್ಮ ಮನೆಯವರ ಮೇಲೆ ಒಂದು ಸಲ ಪ್ರಯೋಗ ಮಾಡಿ ನೋಡೋಣ ಎಂಬ ಹುಮ್ಮಸ್ಸು.

ಪ್ರತಿ ಪ್ರಶ್ನೆಗೂ ಐದು ಉತ್ತರ: ಪೂರಾ ಒಪ್ಪುತ್ತೇನೆ ಎನ್ನುವುದರಿಂದ ಹಿಡಿದು ಸುತಾರಾಂ ಒಪ್ಪುವುದಿಲ್ಲ ಎನ್ನುವವರೆಗೆ. ಅತ್ತೆಗೆ ಇದೇ ಮೊದಲ ತಕರಾರು. "ಹೌದಂದ್ರ ಹೌದು, ಅಲ್ಲಂದ್ರ ಅಲ್ಲ. ನಡುವ ಮೂರು ಎಲ್ಲಿಂದ ತಂದಿ?" ಎಂದಳು. ಎರಡನೇ ತಕರಾರು ಆಶಾವಾದ ಎನ್ನುವ ಶಬ್ದದ ಮೇಲೆ. ಆಸೆ ಒಳ್ಳೆಯದಲ್ಲ ಎಂದು ಶರಣರಿಂದ ಹಿಡಿದು ಊರ ಪುರಾಣದ ಸ್ವಾಮಿಗಳವರೆಗೆ ಎಲ್ಲರೂ ಹೇಳಿದ್ದನ್ನು ಕೇಳಿ ಬೆಳೆದವಳು ಅವಳು. ಅಂಥದ್ದಕ್ಕೆ ಒಂದು ವಾದ ಬೇರೆ ಯಾಕೆ? ನಾನು ಶಬ್ದ ಬದಲಿಸಿ "ಧೈರ್ಯ" ಎಂದೆ. ಮುಖ ಅರಳಿತು. ನಮ್ಮ ಕಡೆ ಆಸ್ಪತ್ರೆಯ ವರಾಂಡದಲ್ಲಿ, ಸತ್ತವರ ಮನೆಯಲ್ಲಿ, ಬೆಳೆ ಕೆಟ್ಟ ಹೊಲದ ಬದುವಿನಲ್ಲಿ ಜನ ಒಬ್ಬರಿಗೊಬ್ಬರು ಕೊಡುವುದು ಅದನ್ನೇ. "ಧೈರ್ಯ ಬಿಡಬ್ಯಾಡ" ಎನ್ನುತ್ತಾರೆ, "ಆಶಾವಾದಿಯಾಗು" ಎಂದು ಯಾರೂ ಹೇಳುವುದಿಲ್ಲ. ಬರುಬರುತ್ತಾ ನನಗೆ ಅನ್ನಿಸಿದ್ದು, ವಿಜ್ಞಾನಿಗಳು ನಿಜವಾಗಿ ಅಳೆಯುತ್ತಿರುವುದಕ್ಕೆ ಅತ್ತೆಯ ಶಬ್ದವೇ ಹತ್ತಿರದ್ದು ಎಂದು.

ಈ ಪ್ರಶ್ನಾವಳಿಯ ಮೊದಲ ರೂಪವನ್ನು 1985ರಲ್ಲಿ ಮೈಕೆಲ್ ಶಾಯರ್ ಮತ್ತು ಚಾರ್ಲ್ಸ್ ಕಾರ್ವರ್ ರೂಪಿಸಿದರು. 1994ರಲ್ಲಿ ಅದನ್ನು ತಿದ್ದಿ ಚಿಕ್ಕದು ಮಾಡಿದರು. ಹತ್ತರಲ್ಲಿ ಆರು ಪ್ರಶ್ನೆಗಳಿಗೆ ಮಾತ್ರ ಅಂಕ, ಒಟ್ಟು 24. ಆರರಲ್ಲಿ ಮೂರು ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆಯವು, ಮೂರು ಕೆಟ್ಟದ್ದೇ ಆಗುತ್ತದೆ ಎಂಬುವು. ಉಳಿದ ನಾಲ್ಕು ಸುಮ್ಮನೆ ನಡುವೆ ತುರುಕಿದವು, ಏನು ಅಳೆಯುತ್ತಿದ್ದಾರೆಂದು ಉತ್ತರಿಸುವವರಿಗೆ ಗೊತ್ತಾಗದಿರಲಿ ಎಂದು. ಅಂಥದ್ದೊಂದು ಪ್ರಶ್ನೆ, ಸದಾ ಕೈಗೆ ಕೆಲಸ ಇರುವುದು ನಿಮಗೆ ಮುಖ್ಯವೇ ಎಂಬುದು. ಅತ್ತೆ ನಗತೊಡಗಿದಳು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿ, "ಇದೇನು ಕೇಳೋ ಮಾತಾ? ಕೆಲಸ ಬಿಟ್ರ ಸತ್ತಂಗ" ಎಂದಳು. ಆ ಸಂಜೆ ಅವಳು ಒಂದಿಷ್ಟೂ ಯೋಚಿಸದೆ ಕೊಟ್ಟ ಉತ್ತರ ಅದೊಂದೇ. ನಿಯಮದ ಪ್ರಕಾರ ಅದಕ್ಕೆ ಅಂಕವಿಲ್ಲ. ಕೂಡಿ ನೋಡಿದರೆ ಅವಳಿಗೆ 24ಕ್ಕೆ 11 ಬಂದಿತ್ತು.

ಈ ಅಂಕಕ್ಕೂ ಆಯಸ್ಸಿಗೂ ಸಂಬಂಧವಿದೆ ಎಂದು ಹೇಳುವ ಅಧ್ಯಯನಗಳು ಈಗ ಸಾಕಷ್ಟಿವೆ, ಸಣ್ಣವೂ ಅಲ್ಲ. 2019ರಲ್ಲಿ ಬಾಸ್ಟನ್ನಿನ ಲೆವಿನಾ ಲೀ ಮತ್ತು ಸಂಗಡಿಗರು ಅಮೆರಿಕದ 69,744 ನರ್ಸುಗಳ ಮತ್ತು 1,429 ನಿವೃತ್ತ ಯೋಧರ ದಾಖಲೆ ತೆರೆದರು. ನರ್ಸುಗಳನ್ನು ಹತ್ತು ವರ್ಷ, ಯೋಧರನ್ನು ಮೂವತ್ತು ವರ್ಷ ಹಿಂಬಾಲಿಸಿದ್ದ ದಾಖಲೆಗಳು ಅವು. ಅತಿ ಹೆಚ್ಚು ಆಶಾವಾದಿಗಳಾಗಿದ್ದವರು ಅತಿ ಕಡಿಮೆ ಇದ್ದವರಿಗಿಂತ ಸರಾಸರಿ ಶೇ 11ರಿಂದ 15ರಷ್ಟು ಹೆಚ್ಚು ಕಾಲ ಬದುಕಿದ್ದರು. ಎಂಬತ್ತೈದು ದಾಟುವ ಸಂಭವವೂ ಅವರಿಗೇ ಹೆಚ್ಚು. ಅದೇ ವರ್ಷ ಅಲನ್ ರೊಜಾನ್‌ಸ್ಕಿ ತಂಡ ಹದಿನೈದು ಅಧ್ಯಯನಗಳನ್ನು, ಅಂದರೆ 2,29,391 ಜನರ ಲೆಕ್ಕವನ್ನು ಒಟ್ಟು ಹಾಕಿತು. ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳ ಅಪಾಯ ಆಶಾವಾದಿಗಳಲ್ಲಿ ಶೇ 35ರಷ್ಟು ಕಡಿಮೆ ಎಂದು ಕಂಡಿತು. 2022ರಲ್ಲಿ ಹಯಾಮಿ ಕೋಗ ಮತ್ತಿತರರು 1,59,255 ಮಹಿಳೆಯರನ್ನು ನೋಡಿದರು. ಇಲ್ಲಿ ಅಂತರ ಶೇ 5.4ಕ್ಕೆ ಇಳಿಯಿತು, ಆದರೆ ಬಿಳಿಯರು, ಕರಿಯರು, ಏಷ್ಯಾದವರು ಎನ್ನದೆ ಹೆಚ್ಚುಕಡಿಮೆ ಎಲ್ಲರಲ್ಲೂ ಕಾಣಿಸಿತು.

ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದಾಗ ತಲೆಬರಹ ಗ್ಯಾರಂಟಿ: "ನಗುನಗುತಾ ಇರಿ, ನೂರು ವರ್ಷ ಬಾಳಿ." ನಾನು ಇಲ್ಲಿ ಸ್ವಲ್ಪ ತಡೆಯುತ್ತೇನೆ. ಮೈ ನೆಟ್ಟಗಿರುವವನಿಗೆ ನಾಳೆಯ ಬಗ್ಗೆ ಧೈರ್ಯ ಇರುವುದು ಸಹಜ. ಮಂಡಿ ನೋವು, ಏದುಸಿರು, ಗೊತ್ತಿಲ್ಲದೆ ಒಳಗೇ ಬೆಳೆಯುತ್ತಿರುವ ಒಂದು ರೋಗ, ಇವು ಮೊದಲು ಧೈರ್ಯವನ್ನೇ ತಿನ್ನುತ್ತವೆ. ಹಾಗಾದರೆ ಧೈರ್ಯದಿಂದ ಆರೋಗ್ಯವೋ, ಆರೋಗ್ಯದಿಂದ ಧೈರ್ಯವೋ? ಸಂಶೋಧಕರೇನೂ ಇದನ್ನು ಮರೆತಿಲ್ಲ. ಆರಂಭದಲ್ಲೇ ಇದ್ದ ಕಾಯಿಲೆ, ಖಿನ್ನತೆ, ಓದು, ವರಮಾನ ಎಲ್ಲವನ್ನೂ ಲೆಕ್ಕದಿಂದ ಕಳೆಯಲು ನೋಡುತ್ತಾರೆ. ಕಳೆದಷ್ಟೂ ಅಂತರ ಕಿರಿದಾಗುತ್ತದೆ, ಆದರೆ ಪೂರ್ತಿ ಮಾಯವಾಗುವುದಿಲ್ಲ. ಇದಕ್ಕೆ ಎದುರಾಗಿ ಬ್ರಿಟನ್ನಿನ ಏಳು ಲಕ್ಷಕ್ಕೂ ಹೆಚ್ಚು ಮಹಿಳೆಯರ ಅಧ್ಯಯನವೊಂದಿದೆ. 2015ರಲ್ಲಿ ಅದರ ಫಲಿತಾಂಶ ಬಂದಾಗ ಬೆಟ್ ಲಿಯು, ರಿಚರ್ಡ್ ಪೀಟೊ ಮುಂತಾದವರು ಹೇಳಿದ್ದು ನೇರ ಮಾತು: ಮೊದಲೇ ಇದ್ದ ಅನಾರೋಗ್ಯವನ್ನು ಲೆಕ್ಕಕ್ಕೆ ಹಿಡಿದರೆ, ಸಂತೋಷವಾಗಿದ್ದೇನೆ ಎಂದವರೂ ಇಲ್ಲ ಎಂದವರೂ ಒಂದೇ ಪ್ರಮಾಣದಲ್ಲಿ ಸತ್ತಿದ್ದಾರೆ. ಸಂತೋಷವನ್ನೇ ಔಷಧ ಎಂದು ಮಾರುವವರು ಈ ಅಧ್ಯಯನದ ಹೆಸರೆತ್ತುವುದಿಲ್ಲ.

ಸಂತೋಷವೂ ಧೈರ್ಯವೂ ಒಂದೇ ಅಲ್ಲ ಎನ್ನುವುದು ನಮಗೆ ಇಲ್ಲಿಂದ ಸಿಗುವ ಮೊದಲ ಸುಳಿವು. ಅತ್ತೆಯನ್ನು ಯಾರೂ ನಗುಮುಖದವಳು ಎಂದು ಕರೆದಿಲ್ಲ. ಗೊಣಗುವುದರಲ್ಲಿ ಊರಿಗೇ ಹೆಸರಾದವಳು. ಆದರೆ ಗೂಟಕ್ಕೆ ನೇತು ಹಾಕಿದ ಬಟ್ಟೆಯ ಚೀಲದಲ್ಲಿ ಅವಳ ಗುಳಿಗೆಗಳಿವೆ. ಖಾಲಿಯಾದ ಶೀಟನ್ನೂ ಎಸೆಯದೆ, ಮಡಚಿ ರಬ್ಬರ್ ಹಾಕಿ ಇಟ್ಟಿದ್ದಾಳೆ, ಮುಂದಿನ ಸಲ ಮೆಡಿಕಲ್ ಶಾಪಿನಲ್ಲಿ ತೋರಿಸಿದರೆ ಅದನ್ನೇ ಕೊಡುತ್ತಾರೆಂದು. ಹನ್ನೊಂದು ವರ್ಷದಿಂದ ಒಂದು ಹೊತ್ತೂ ತಪ್ಪಿಸಿಲ್ಲ. ಗುಳಿಗೆ ತಪ್ಪದೆ ನುಂಗುವುದೆಂದರೆ ನಾಳೆಯೊಂದು ಇದೆ, ಅದರಲ್ಲಿ ನಾನೂ ಇದ್ದೇನೆ ಎಂದು ದಿನಕ್ಕೆ ಎರಡು ಸಲ ಒಪ್ಪಿಕೊಂಡಂತೆ. ಬಾಯಲ್ಲಿ ಏನೇ ಗೊಣಗಲಿ.

1989ರಲ್ಲಿ ಶಾಯರ್ ತಂಡ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾದ 51 ಗಂಡಸರನ್ನು ಗಮನಿಸಿತು. ಆಪರೇಷನ್‌ಗೆ ಮೊದಲು ಹೆಚ್ಚು ಅಂಕ ಪಡೆದವರು ಬೇಗ ಹಾಸಿಗೆಯಿಂದೆದ್ದು ನಡೆದಾಡಿದರು, ಬೇಗ ಮಾಮೂಲಿ ಬದುಕಿಗೆ ಮರಳಿದರು. ಇದು ಸಣ್ಣ ಅಧ್ಯಯನ. ಆದರೂ ಇಷ್ಟವಾಗುವುದು ಏಕೆಂದರೆ ಅಲ್ಲಿ ಕಾಲುಗಳು ಕಾಣುತ್ತವೆ. ಎದ್ದು ನಡೆದರೆ ಗುಣವಾಗುತ್ತದೆ ಎಂದು ನಂಬಿದವನು ನೋವಾದರೂ ಏಳುತ್ತಾನೆ. ನಂಬದವನು ಮಲಗಿಯೇ ಇರುತ್ತಾನೆ; ಮಲಗಿದವನ ಸ್ನಾಯು ಕರಗುತ್ತದೆ, ಶ್ವಾಸಕೋಶದಲ್ಲಿ ಕಫ ನಿಲ್ಲುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಇದರಲ್ಲಿ ಪವಾಡವೇನೂ ಇಲ್ಲ. ಆದರೆ ಎಲ್ಲವನ್ನೂ ಹೀಗೆ ಊಟ, ನಡಿಗೆ, ಗುಳಿಗೆಗಳ ಲೆಕ್ಕದಲ್ಲೇ ಮುಗಿಸಲು ಬರುವುದಿಲ್ಲ. ಕೋಗ ತಂಡದ ಪ್ರಕಾರ ಜೀವನಶೈಲಿ ವಿವರಿಸುವುದು ಈ ಸಂಬಂಧದ ಕಾಲು ಭಾಗವನ್ನಷ್ಟೇ. ಉಳಿದದ್ದರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್‌ನ ಪಾಲಿರಬಹುದು. ದಿನಗಟ್ಟಲೆ ಅದು ಏರಿಯೇ ಇದ್ದರೆ ರಕ್ತದೊತ್ತಡ, ಸಕ್ಕರೆ ಎರಡೂ ಏರುತ್ತವೆ. ಕಷ್ಟ ಬಂದಾಗ ಕೂಗಿದರೆ ಓಡಿ ಬರುವ ನಾಲ್ಕು ಜನರ ಪಾಲೂ ಇರಬಹುದು.

ನಿರೀಕ್ಷೆ ನೇರವಾಗಿ ಮೈಯೊಳಗೆ ಇಳಿಯುವುದಿಲ್ಲವೇ ಎಂದರೆ, ಇಳಿಯುತ್ತದೆ. ಈ ಮಾತಿಗೆ ಬಾಗಲವಾಡದಿಂದ ದೂರವೇನೂ ಹೋಗಬೇಕಿಲ್ಲ. ಮಾನ್ವಿ ಸೀಮೆಯಲ್ಲಿ ಪ್ರತಿ ಮಗುವೂ ಕೇಳಿ ಬೆಳೆಯುವ ಒಂದು ಹೊಟ್ಟೆನೋವಿನ ಕಥೆ ಇದೆ.

ಬ್ಯಾಗವಟ್ಟಿಯ ಶ್ರೀನಿವಾಸಾಚಾರ್ಯರು ಹದಿನೆಂಟನೇ ಶತಮಾನದ ದೊಡ್ಡ ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡುತ್ತಾ ತಿರುಗುವ ದಾಸರೆಂದರೆ ಅವರಿಗೆ ಅಷ್ಟಕ್ಕಷ್ಟೆ. ಚೀಕಲಪರವಿಯ ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದಾಗ, ಹೋಗಲು ಮನಸ್ಸಿಲ್ಲದೆ ಹೊಟ್ಟೆನೋವೆಂದು ನೆಪ ಹೇಳಿದರಂತೆ. ಸ್ವಲ್ಪ ದಿನಕ್ಕೆ ನಿಜವಾಗಿಯೇ ಹೊಟ್ಟೆನೋವು ಶುರುವಾಯಿತು. ಉಂಡದ್ದು ದಕ್ಕದು, ಮದ್ದು ಹತ್ತದು. ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರು, ಅಲ್ಲಿಂದ ವಿಜಯದಾಸರ ಬಳಿಗೆ ಬಂದರು, ಅವರು ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಉತ್ತನೂರಿಗೆ ಕಳಿಸಿದರು. ಈ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ಅವರು ಧನ್ವಂತರಿಯನ್ನು ಪ್ರಾರ್ಥಿಸಿ, ಜೋಳದ ರೊಟ್ಟಿ ತಿನ್ನಿಸಿ, ತಮ್ಮ ಆಯಸ್ಸಿನ ನಲವತ್ತು ವರ್ಷವನ್ನು ಧಾರೆ ಎರೆದರು ಎನ್ನುತ್ತದೆ ಸಂಪ್ರದಾಯ. ಗುಣವಾದ ಆಚಾರ್ಯರು ಮುಂದೆ ಜಗನ್ನಾಥದಾಸರಾಗಿ 'ಹರಿಕಥಾಮೃತಸಾರ' ಬರೆದರು. ಅವರ ಕಾಲವನ್ನು 1728ರಿಂದ 1809 ಎನ್ನುತ್ತಾರೆ, ಅಂದರೆ ಎಂಬತ್ತು ದಾಟಿದ ಬಾಳು. ಗೋಪಾಲದಾಸರು ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಭಕ್ತರ ಲೆಕ್ಕ ಪಕ್ಕಾ ಇದೆ.

ಇನ್ನೂರೈವತ್ತು ವರ್ಷ ಹಿಂದಿನ ಹೊಟ್ಟೆನೋವಿಗೆ ಈಗ ರೋಗನಿರ್ಣಯ ಮಾಡುವ ಉದ್ಧಟತನ ನನಗಿಲ್ಲ. ಆದರೆ ನೆಪದ ನೋವು ನಿಜವಾಗುವುದನ್ನು ನಮ್ಮ ಜನ ಆಗಲೇ ನಂಬಬಹುದಾದ ಸಂಗತಿ ಎಂದು ಕಂಡಿದ್ದರಲ್ಲ, ಅದು ನನಗೆ ಕುತೂಹಲ. ಕೆಟ್ಟದ್ದನ್ನು ನಿರೀಕ್ಷಿಸಿದಾಗ ಮೈ ಕೆಟ್ಟದ್ದನ್ನೇ ಅನುಭವಿಸುವುದಕ್ಕೆ ವೈದ್ಯರು ಇಟ್ಟ ಹೆಸರು ನೊಸಿಬೊ. ಸಕ್ಕರೆ ಗುಳಿಗೆ ತಿಂದು ನೋವು ಕಡಿಮೆಯಾಗುವ ಪ್ಲಸಿಬೊದ ದಾಯಾದಿ ಇದು.

2020ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯದಲ್ಲಿ ನಾನು ಓದಿದವುಗಳಲ್ಲೆಲ್ಲ ಚೊಕ್ಕದ್ದು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಳಿಗೆ ತಿಂದು ಮೈಕೈ ನೋವು, ಸುಸ್ತು ಎಂದು ಬಿಟ್ಟುಬಿಟ್ಟಿದ್ದ ಅರವತ್ತು ಜನರನ್ನು ಆರಿಸಿಕೊಂಡರು. ಒಬ್ಬೊಬ್ಬರಿಗೆ ಹನ್ನೆರಡು ಶೀಸೆ, ತಿಂಗಳಿಗೊಂದು. ನಾಲ್ಕರಲ್ಲಿ ಅಸಲಿ ಸ್ಟಾಟಿನ್, ನಾಲ್ಕರಲ್ಲಿ ನೋಡಲು ಹಾಗೇ ಇರುವ ಹುಸಿ ಗುಳಿಗೆ, ನಾಲ್ಕು ಖಾಲಿ. ಗುಳಿಗೆ ಇರುವ ತಿಂಗಳಲ್ಲಿ ಅಸಲಿಯೋ ಹುಸಿಯೋ ಗೊತ್ತಾಗುವಂತಿಲ್ಲ. ದಿನಾ ತಮ್ಮ ತೊಂದರೆಗೆ ನೂರಕ್ಕೆ ಇಷ್ಟು ಎಂದು ಫೋನಿನಲ್ಲಿ ಅಂಕ ಹಾಕಬೇಕು. ವರ್ಷ ಮುಗಿದಾಗ ಖಾಲಿ ತಿಂಗಳುಗಳ ಸರಾಸರಿ 8, ಹುಸಿ ಗುಳಿಗೆಯ ತಿಂಗಳುಗಳದು 15.4, ಅಸಲಿಯದು 16.3. ತೊಂದರೆ ಸುಳ್ಳಲ್ಲ, ಜನ ನಿಜಕ್ಕೂ ನರಳಿದ್ದರು. ಆದರೆ ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಬಂದದ್ದು ಗುಳಿಗೆ ನುಂಗಿದ್ದೇನೆ ಎಂಬ ಅರಿವಿನಿಂದಲೇ. ಫಲಿತಾಂಶ ತೋರಿಸಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಶುರು ಮಾಡಿದರು.

ಒಳ್ಳೆಯ ನಿರೀಕ್ಷೆಯೂ ಹೀಗೇ ಕೆಲಸ ಮಾಡುತ್ತದೆ, ಅದಕ್ಕೆ ರಾಸಾಯನಿಕ ಸಾಕ್ಷಿಯೂ ಇದೆ. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೆವಿನ್, ಗೋರ್ಡನ್, ಫೀಲ್ಡ್ಸ್ ಎಂಬ ಮೂವರು ದವಡೆ ಹಲ್ಲು ಕೀಳಿಸಿಕೊಂಡವರಿಗೆ ನೋವಿನ ಮದ್ದೆಂದು ಹುಸಿ ಮದ್ದು ಕೊಟ್ಟು, ಆಮೇಲೆ ನಲೊಕ್ಸೋನ್ ಕೊಟ್ಟರು. ಅಫೀಮಿನ ಜಾತಿಯ ಮದ್ದುಗಳ ಪರಿಣಾಮಕ್ಕೆ ಅಡ್ಡ ನಿಲ್ಲುವ ವಸ್ತು ಇದು. ಹುಸಿ ಮದ್ದಿನಿಂದ ಇಳಿದಿದ್ದ ನೋವು ಮರಳಿ ಬಂತು. ಅಂದರೆ ಗುಣವಾಗುತ್ತದೆ ಎಂಬ ನಂಬಿಕೆ ಮಿದುಳಿನಲ್ಲೇ ಅಫೀಮಿನಂಥದ್ದನ್ನು ತಯಾರಿಸಿತ್ತು. ಆದರೆ ಇದರ ಸೀಮೆ ಚಿಕ್ಕದು. ನೋವು, ವಾಕರಿಕೆ, ಸುಸ್ತು, ನಿದ್ದೆ, ಇಲ್ಲೆಲ್ಲ ನಿರೀಕ್ಷೆಯ ಕೈ ಚೆನ್ನಾಗಿ ನಡೆಯುತ್ತದೆ. ಮುರಿದ ಮೂಳೆ, ಕೀವು ತುಂಬಿದ ಅಪೆಂಡಿಕ್ಸ್, ಗಂಟು ಇವುಗಳ ಮುಂದೆ ಅದರ ಆಟ ಸಾಗದು.

ದಾಸರ ಕಥೆಯಲ್ಲಿ ನನ್ನ ಕಣ್ಣು ನಿಲ್ಲುವುದು ಇನ್ನೊಂದು ಕಡೆ. ಹೊಟ್ಟೆನೋವಿನ ಆ ಮನುಷ್ಯ ಮಲಗಿರಲಿಲ್ಲ. ಮಾನ್ವಿಯಿಂದ ಮಂತ್ರಾಲಯ, ಅಲ್ಲಿಂದ ವಿಜಯದಾಸರಿದ್ದಲ್ಲಿಗೆ, ಮತ್ತೆ ಈಗಿನ ತೆಲಂಗಾಣದ ಗದ್ವಾಲ ಸೀಮೆಯ ಉತ್ತನೂರು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲಿನ ವಿಳಾಸ ಯಾರೋ ಕೊಡುತ್ತಿದ್ದರು. ಕಾನ್ಸಸ್ ವಿಶ್ವವಿದ್ಯಾಲಯದ ಸಿ. ಆರ್. ಸ್ನೈಡರ್ 1991ರಲ್ಲಿ ಭರವಸೆಗೆ ಒಂದು ಬೇರೆಯೇ ಅಳತೆ ಮಾಡಿದರು. ಅವರ ಪ್ರಕಾರ ಅದಕ್ಕೆ ಎರಡು ಕಾಲು: ಮಾಡಿಯೇನು ಎಂಬ ಛಲ, ಮಾಡಲು ದಾರಿ ಇದೆ ಎಂಬ ತಿಳಿವಳಿಕೆ. ಛಲವಿದ್ದು ದಾರಿ ಗೊತ್ತಿಲ್ಲದವರು ಬರೀ ಹಲ್ಲು ಕಚ್ಚಿ ಕೂತಿರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅಂಥವರೇ ಹೆಚ್ಚು. ಮಾನ್ವಿಯ ಸರ್ಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ ರಾಯಚೂರಿನ ರಿಮ್ಸ್, ಅಲ್ಲಿ ಯಾವ ಕೌಂಟರಿನಲ್ಲಿ ಚೀಟಿ, ಯಾವ ಕಾರ್ಡು ತರಬೇಕು ಎಂದು ಹೇಳುವ ಆಶಾ ಕಾರ್ಯಕರ್ತೆ ಅದೆಷ್ಟು ಧೈರ್ಯ ಹಂಚುತ್ತಾಳೆ ಎಂಬುದನ್ನು ಯಾವ ಪ್ರಶ್ನಾವಳಿಯೂ ಅಳೆದಿಲ್ಲ.

ಈಗ ಗಂಟಿನ ಮಾತು. ಗುಟ್ಕಾ, ಎಲೆ-ತಂಬಾಕಿನ ನಾಡಿದು. ಬಾಯಿ ಹುಣ್ಣು ವಾಸಿಯಾಗದೆ, ಕೊನೆಗೆ ಯಾರೋ ಹೇಳಿ, ರಾತ್ರಿ ಬಸ್ಸಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವವರು ನಮ್ಮ ಸುತ್ತ ಇದ್ದೇ ಇದ್ದಾರೆ. ಮೊದಲೇ ಏಕೆ ತೋರಿಸಲಿಲ್ಲ ಎಂದರೆ, "ನಮಗೇನಾಗ್ತದ ಅಂದ್ಕೊಂಡಿದ್ವಿ" ಎನ್ನುತ್ತಾರೆ. ಇದೂ ಆಶಾವಾದವೇ! 1980ರಲ್ಲಿ ನೀಲ್ ವೈನ್‌ಸ್ಟೀನ್ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ, ಒಳ್ಳೆಯದೆಲ್ಲ ತಮಗೇ ಆಗುವ ಸಂಭವ ಹೆಚ್ಚು, ಕೆಟ್ಟದ್ದು ಓರಗೆಯವರಿಗೆ ಎಂದೇ ಹೆಚ್ಚಿನವರು ನಂಬಿದ್ದರು. ಎಲ್ಲರೂ ಸರಾಸರಿಗಿಂತ ಅದೃಷ್ಟವಂತರಾಗಿರಲು ಗಣಿತ ಬಿಡುವುದಿಲ್ಲ. 1921ರಲ್ಲಿ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದ ಸುಮಾರು 1,500 ಜಾಣ ಮಕ್ಕಳ ಅಧ್ಯಯನ ಶುರು ಮಾಡಿದರು. ಅವರು ಎಷ್ಟೆಷ್ಟು ಬದುಕಿದರೆಂದು ದಶಕಗಳ ನಂತರ ಹಾವರ್ಡ್ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಚಿಕ್ಕಂದಿನಲ್ಲಿ ಸದಾ ಖುಷಿಯಾಗಿ ಕುಣಿಯುತ್ತಿದ್ದವರ ಆಯಸ್ಸು ಒಂದಿಷ್ಟು ಕಡಿಮೆಯೇ ಇತ್ತು. ಹೆಚ್ಚು ಬದುಕಿದ್ದು ಅಚ್ಚುಕಟ್ಟಿನ, ಹಿಡಿದ ಕೆಲಸ ಬಿಡದ, ಎಚ್ಚರಿಕೆಯ ಮಕ್ಕಳು. ಗುಳಿಗೆ ಶೀಟಿಗೆ ರಬ್ಬರ್ ಹಾಕಿಡುವ ಜಾತಿಯವರು.

ಕ್ಯಾನ್ಸರ್ ಬಂದ ಮೇಲೆ? "ಮನಸ್ಸು ಗಟ್ಟಿ ಮಾಡ್ಕೋ, ಮನಸ್ಸಿನಿಂದಲೇ ಗೆಲ್ಲಬಹುದು" ಎಂದು ಹಾಸಿಗೆಯ ಪಕ್ಕ ನಿಂತು ಹೇಳುವವರಿಗೆ ಕೊರತೆಯಿಲ್ಲ. 2007ರಲ್ಲಿ ಜೇಮ್ಸ್ ಕೋಯ್ನ್ ಮತ್ತಿತರರು ತಲೆ-ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ಜನರ ದಾಖಲೆ ನೋಡಿದರು. ನಮ್ಮ ಕಡೆ ತಂಬಾಕು ತರುವ ಬಾಯಿ ಕ್ಯಾನ್ಸರ್ ಸೇರುವುದು ಇದೇ ಗುಂಪಿಗೆ. ಮನಸ್ಸಿನ ನೆಮ್ಮದಿ ಎಷ್ಟಿತ್ತು ಎನ್ನುವುದಕ್ಕೂ ಎಷ್ಟು ಕಾಲ ಬದುಕಿದರು ಎನ್ನುವುದಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. 2004ರಲ್ಲಿ ಆಸ್ಟ್ರೇಲಿಯಾದ ಶ್ವಾಸಕೋಶ ಕ್ಯಾನ್ಸರಿನ ರೋಗಿಗಳಲ್ಲೂ ಆಶಾವಾದ ಆಯಸ್ಸನ್ನು ಹೆಚ್ಚಿಸಿರಲಿಲ್ಲ. ಇದನ್ನು ನಾನು ನಿರಾಶೆಯ ಸುದ್ದಿ ಎಂದು ತಿಳಿಯುವುದಿಲ್ಲ. ರೋಗ ಮರುಕಳಿಸಿದಾಗ "ನಾನು ಧೈರ್ಯ ಸಾಲದೆ ಹಿಂಗಾತೇನೋ" ಎಂದು ಗೋಡೆಗೆ ಮುಖ ಮಾಡಿ ಅಳುವ ಹೆಂಗಸಿಗೆ ಈ ಅಂಕಿಗಳನ್ನು ಹೇಳಬೇಕು. ಅವಳಿಗೆ ಅಳುವ ಹಕ್ಕಿದೆ. ಕಿಮೋ ದಿನಕ್ಕೆ ತಪ್ಪದೆ ಹೋಗಿ ಬಂದಳಲ್ಲ, ಧೈರ್ಯದ ಕೆಲಸ ಅಲ್ಲಿಗೇ ಮುಗಿದಿದೆ.

ಜರ್ಮನಿಯ ಗೇಬ್ರಿಯೆಲ್ ಓಟಿಂಗನ್ ಈ ಗೊಂದಲವನ್ನು ಇನ್ನಷ್ಟು ಬಿಡಿಸಿದರು. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ತೂಕ ಇಳಿಸಲು ಬಂದ ಹೆಂಗಸರಿದ್ದರು. ಇಳಿಸಿಯೇ ಇಳಿಸುತ್ತೇನೆ ಎಂಬ ನಿರೀಕ್ಷೆ ಇದ್ದವರು, ಇಲ್ಲದವರಿಗಿಂತ ಹೆಚ್ಚು ತೂಕ ಇಳಿಸಿದರು. ಆದರೆ ತೆಳ್ಳಗಾದ ತಮ್ಮನ್ನು ಕಣ್ಮುಂದೆ ತಂದುಕೊಂಡು ಸುಖಪಡುತ್ತಿದ್ದವರು ಇಳಿಸಿದ್ದು ಕಡಿಮೆ. ಕನಸಿನಲ್ಲೇ ಉಂಡು ಎದ್ದವನಿಗೆ ಒಲೆ ಹೊತ್ತಿಸುವ ತುರ್ತು ಇರುವುದಿಲ್ಲವಷ್ಟೆ. ಕಣ್ಣುಮುಚ್ಚಿ ಗುರಿ ಕಲ್ಪಿಸಿಕೊಳ್ಳಿ, ವಿಶ್ವವೇ ಒದಗಿಸುತ್ತದೆ ಎಂದು ಸಾವಿರಾರು ರೂಪಾಯಿಯ ಶಿಬಿರ ನಡೆಸುವವರು ಹೇಳಿಕೊಡುವುದು ಈ ಎರಡನೆಯದನ್ನು.

ಬೀಜ ಹಾಕುವವನದು ಮೊದಲನೆಯದು. ಅಂದು ಸಂಜೆ ಅತ್ತೆ ಡ್ಯಾಮಿನ ಮಾತೆತ್ತಿದ್ದು ಸುಮ್ಮನೆ ಅಲ್ಲ. ಸಿರವಾರದ ಕಡೆ ಅವಳಿಗೆ ಕಾಲುವೆ ನೀರಿನ ಎರಡು ಎಕರೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿ.ಮೀ. ಉದ್ದ. ಮುನಿರಾಬಾದಿನಲ್ಲಿ ಹೊರಟ ನೀರು ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರಿನ ಕೊನೆಯಂಚಿಗೆ ಬರುವಷ್ಟರಲ್ಲಿ ಬೆರಳಿನ ಗಾತ್ರವಾಗಿರುತ್ತದೆ. ಆಗಸ್ಟ್ 10ರ ರಾತ್ರಿ, ಅಣೆಕಟ್ಟು ತುಂಬಿ ತುಳುಕುತ್ತಿದ್ದಾಗಲೇ, ಮೂವತ್ಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದು ಚೈನು ತುಂಡಾಗಿ ಕೊಚ್ಚಿಹೋಗಿತ್ತು. ಇತ್ತ ಸಸಿ ಮಡಿಯಲ್ಲಿ ನೆಲ್ಲಿನ ಸಸಿ ಗೇಣುದ್ದ ಎದ್ದಿವೆ. ನಾಟಿ ಹಚ್ಚಬೇಕೋ ಬೇಡವೋ? "ನಿನ್ನ ಧೈರ್ಯ ಎಷ್ಟು" ಎಂದು ಅಂಥ ದಿನ ಕೇಳಲು ಹೋದವನು ನಾನು.

ಆಶಾವಾದ ಸ್ವಭಾವದ ಗುಣ ಎಂದು ಪುಸ್ತಕಗಳು ಹೇಳುತ್ತವೆ. ಸ್ವೀಡನ್ನಿನ ಅವಳಿಗಳ ಅಧ್ಯಯನ ಅದರಲ್ಲಿ ಕಾಲು ಭಾಗದಷ್ಟು ಹುಟ್ಟಿನಿಂದ ಬಂದದ್ದೆಂದು 1992ರಲ್ಲಿ ಅಂದಾಜು ಮಾಡಿತು. ಮಿಕ್ಕ ಮುಕ್ಕಾಲು ಎಲ್ಲಿಂದ? ಅದರಲ್ಲೊಂದು ಪಾಲು ಕಾಲುವೆಯಿಂದ ಬರುತ್ತದೆ ಎನ್ನುತ್ತೇನೆ ನಾನು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಆನಂದಿ ಮಣಿ, ಸೆಂಥಿಲ್ ಮುಲ್ಲೈನಾಥನ್ ಮುಂತಾದವರು ಕಟಾವಿಗೆ ಮೊದಲು, ಕೈಯಲ್ಲಿ ಕಾಸಿಲ್ಲದಾಗ ಒಮ್ಮೆ, ಕಟಾವು ಆಗಿ ದುಡ್ಡು ಬಂದ ಮೇಲೆ ಇನ್ನೊಮ್ಮೆ ಬುದ್ಧಿಯ ಪರೀಕ್ಷೆ ಕೊಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶ: ಅದೇ ಮನುಷ್ಯ, ಅದೇ ತಲೆ, ಕಟಾವಿನ ನಂತರ ಚುರುಕು. ಚಿಂತೆ ತಲೆಯ ಜಾಗ ತಿನ್ನುತ್ತದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತಿತರರು 2015ರಲ್ಲಿ ಭಾರತವೂ ಸೇರಿ ಆರು ದೇಶಗಳಿಂದ ವರದಿ ಮಾಡಿದ ಪ್ರಯೋಗ ಇನ್ನೂ ಮುಂದಿನದು. ಕಡುಬಡವರಿಗೆ ಆಡೋ ಆಕಳೋ ಕೊಟ್ಟು, ಕೆಲವು ತಿಂಗಳ ಖರ್ಚಿಗೆ ಕಾಸು ಕೊಟ್ಟು, ಆಗಾಗ ಮನೆಗೆ ಬಂದು ವಿಚಾರಿಸುವ ಒಬ್ಬರನ್ನು ನೇಮಿಸಿದರು. ಬರೀ ವರಮಾನ ಏರಲಿಲ್ಲ. ಜನ ಹೆಚ್ಚು ಹೊತ್ತು ದುಡಿದರು, ಮನಸ್ಸಿನ ಆರೋಗ್ಯವೂ ಒಂದಿಷ್ಟು ಸುಧಾರಿಸಿತು. ಡಫ್ಲೊ ಇದಕ್ಕೆ ಭರವಸೆ ಎಂದೇ ಹೆಸರಿಟ್ಟು ಉಪನ್ಯಾಸ ಕೊಟ್ಟರು. ಆಶಾವಾದ ಬೆಳೆಸಿಕೊಳ್ಳಿ ಎಂದು ರೈತನಿಗೆ ಕೈಪಿಡಿ ಹಂಚುವ ಬದಲು ವಾರಬಂದಿಯ ಸರದಿ ಪ್ರಕಾರ ಕಾಲುವೆಯ ಕೊನೆಯಂಚಿಗೆ ನೀರು ಬಿಟ್ಟರೆ ಅಂಕ ತಾನಾಗಿಯೇ ಏರೀತು ಎಂದರೆ ಅದು ಪೂರ್ತಿ ತಮಾಷೆಯಲ್ಲ.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಧೈರ್ಯ ಕಡಿಮೆ ಇರುವುದು ಬೇರೆ, ಖಿನ್ನತೆ ಬೇರೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರದು, ಬದುಕಿ ಏನಾಗಬೇಕು ಎನ್ನುವವರಿಗೆ "ಧೈರ್ಯ ತಂದ್ಕೋ" ಎನ್ನುವುದು ಕಾಲು ಮುರಿದವನಿಗೆ ಓಡು ಎಂದಂತೆ. ಅದು ಕಾಯಿಲೆ, ಅದಕ್ಕೆ ಮದ್ದಿದೆ. ಈ ಮದ್ದನ್ನು ದೊಡ್ಡ ಊರಿನ ಮಾನಸಿಕ ಆಸ್ಪತ್ರೆಯಿಂದ ಬಿಡಿಸಿ ತಾಲ್ಲೂಕಿನ ವೈದ್ಯರ ಕೈಗೆ ಕೊಡಬಹುದೆಂದು ನಿಮ್ಹಾನ್ಸ್ 1985ರಿಂದ ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಈಗ ಟೆಲಿ ಮಾನಸ್‌ನ 14416ಕ್ಕೆ ಕಾಸಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಡ್ಯಾಮಿನ ಮಾತಿಗೆ ಬಂದರೆ, ಹೊಸಪೇಟೆಯಲ್ಲಿ ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ಉಕ್ಕಿನ ಹಲಗೆಗಳನ್ನು ಇಳಿಸಿ ಕೊಚ್ಚಿಹೋದ ಗೇಟಿನ ಬಾಯಿ ಮುಚ್ಚಿದರು. ಮೊದಲ ಹಲಗೆ ಕೂತದ್ದು ಆಗಸ್ಟ್ 16ರಂದು, ಉಳಿದವು ಮರುದಿನ. ಅಷ್ಟರಲ್ಲಿ ಮೂವತ್ತು ಟಿಎಂಸಿಗೂ ಹೆಚ್ಚು ನೀರು ಹೊಳೆಗೆ ಹರಿದಿತ್ತು. ಆ ರಾತ್ರಿ ಅತ್ತೆಯ ಫೋನು ಬಂತು.

"ಗೇಟು ಕುಂತತಂತ. ನಾಳೆಯಿಂದ ನಾಟಿ ಹಚ್ಚತೀವಿ, ಆಳು ಹೇಳಿ ಬಂದೀನಿ. ತಮ್ಮಾ, ಆವತ್ತು ಆ ಭರವಸಿ ಪ್ರಶ್ನಿಗೆ ಏನು ಬರಕೊಂಡಿದ್ದಿ?"

"ನಡುವಿಂದು ಅತ್ತಿ."

"ಅದನ್ನ ಒಂದು ಮ್ಯಾಲ ಏರಿಸು."

"ಎರಡು ಏರಿಸಲೇನು?"

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಬ್ಯಾಡ. ಎರಡನೇ ಬೆಳಿಗೆ ನೀರು ಬಿಡ್ಲಿ, ಆವಾಗ ನೋಡೋಣ."